ಹಿಂದಿನ ಚಕ್ರದ ಮೇಲಿನ ಭಾರ

ನನ್ನ ಹೆಂಡತಿಗೆ ಇಬ್ಬರೇ ಕೂರಬಹುದಾದ ಒಂದು ಕಾರಿತ್ತು. ನೆಲಕ್ಕೆ ಅಂಟಿದಂತೆ ತಗ್ಗಾದ, ಉದ್ದ ಮೂತಿಯ, ಸಾಸಿವೆ ಬಣ್ಣದ ಹಳೇ ಸ್ಪೋರ್ಟ್ಸ್ ಕಾರು. ಇಂಜಿನ್ ಮುಂದೆ, ಅದರ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ. ಬಾಳೂರಿನ ಕಡೆಯ ನಮ್ಮ ಎಸ್ಟೇಟಿನಂಥ ಜಾಗಕ್ಕೆ ಇದಕ್ಕಿಂತ ತಪ್ಪು ಗಾಡಿ ಇನ್ನೊಂದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅವಳು ಹೋಗಿ ವರ್ಷ ಕಳೆಯಿತು. ಈಗ ಅದೇ ಜನ ಬಂದು, "ಎಂಥಾ ಡ್ರೈವರ್ ಮಾರಾಯ ಅವಳು" ಎನ್ನುತ್ತಾರೆ. ಸತ್ತವರನ್ನು ಹೊಗಳುವುದಕ್ಕೆ ಖರ್ಚಿಲ್ಲ.

ನಾನು ಎಸ್ಟೇಟಿನಲ್ಲಿ ರೈಟರ್ ಕೆಲಸದಲ್ಲಿದ್ದೇನೆ. ಆಳುಗಳ ಹಾಜರಿ, ಗೊಬ್ಬರದ ಚೀಲ, ಕೊಯ್ದ ಹಣ್ಣಿನ ತೂಕ ಇವನ್ನು ಬರೆದಿಡುವುದು ನನ್ನ ಕೆಲಸ. ಪಿಯುಸಿವರೆಗೆ ಓದಿದ್ದೇನೆ. ಮನಸ್ಸಿನಲ್ಲಿರುವುದನ್ನು ಬರೆದು ಅಭ್ಯಾಸವಿಲ್ಲ. ಆದರೆ ಬಾಯಲ್ಲಿ ಹೇಳಲು ಹೋದರೆ ನಾಲ್ಕನೇ ಮಾತಿಗೆ ಎದುರಿಗಿದ್ದವರು ಸಮಾಧಾನ ಹೇಳಲು ಶುರು ಮಾಡುತ್ತಾರೆ. ಕಾಗದ ಹಾಗೆ ಮಾಡುವುದಿಲ್ಲ.

ಆ ಕಾರು ಅವಳ ಜೊತೆಗೇ ಈ ಮನೆಗೆ ಬಂದದ್ದು. ನನ್ನ ಮಾವನವರದು ಮೂಡಿಗೆರೆಯಲ್ಲಿ ಗ್ಯಾರೇಜು. ಯಾವುದೋ ಎಸ್ಟೇಟಿನ ಗೋಡೌನಿನ ಮೂಲೆಯಲ್ಲಿ ಇಲಿಗಳು ಸಂಸಾರ ಮಾಡಿಕೊಂಡಿದ್ದ ಈ ಕಾರನ್ನು ಅಲ್ಲಿಯ ಸಾಹುಕಾರರು, "ತಗೊಂಡು ಹೋಗಿ, ಜಾಗ ಖಾಲಿಯಾಗ್ಲಿ" ಎಂದು ಮಾವನವರಿಗೆ ಕೊಟ್ಟಿದ್ದರಂತೆ. ಮಾವನವರಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗ ಆಗಲೇ ಜೀಪಿನ ಕೆಲಸದಲ್ಲಿ ಪಳಗಿದ್ದ. ಗ್ಯಾರೇಜಿಗೆ ಬರುವ ಹತ್ತು ಗಾಡಿಯಲ್ಲಿ ಎಂಟು ಜೀಪೇ. ಹಾಗಾಗಿ ಕಾರನ್ನು ಬಿಚ್ಚಿ ಜೋಡಿಸುವ ಕೆಲಸ ಮಗಳ ಪಾಲಿಗೆ ಬಂತು. ಅಪ್ಪ ಸ್ಟೂಲಿನ ಮೇಲೆ ಕೂತು ಹೇಳುವುದು, ಮಗಳು ಕಾರಿನ ಕೆಳಗೆ ಮಲಗಿ ಮಾಡುವುದು. ಅವಳಣ್ಣನಿಗೆ ಇದು ಕೊನೆಯವರೆಗೂ ನುಂಗಲಾಗಲಿಲ್ಲ. "ನಂಗೆ ಜೀಪಿನ ಗ್ರೀಸು ಕೊಟ್ರು, ಅವ್ಳಿಗೆ ಕಾರು ಕೊಟ್ರು" ಎಂದು ನಮ್ಮ ಮದುವೆಯ ಊಟದ ಸಾಲಿನಲ್ಲೇ ಹೇಳಿದ್ದ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ನನ್ನ ಅಮ್ಮ ಆಗ ಇದ್ದಳು. ಹೊಸ ಸೊಸೆಯ ಕಾರನ್ನು ಒಂದು ಸುತ್ತು ಹಾಕಿ, ಕಿಟಕಿಯಿಂದ ಬಗ್ಗಿ ನೋಡಿ, "ಎರಡೇ ಸೀಟು. ಅಂದ್ರೆ ಮೊದಲ ದಿನವೇ ನನ್ನ ಇಳಿಸಿ ಆಯ್ತು" ಎಂದಳು.

"ನೀವು ಕೂತ್ಕೊಳಿ ಅತ್ತೆ. ಇವ್ರು ಬಸ್ಸಲ್ಲಿ ಬರ್ತಾರೆ" ಎಂದಳು ಇವಳು.

ಅಂದಿನಿಂದ ಅಮ್ಮ ಅವಳ ಪಕ್ಷ. ಮೂಡಿಗೆರೆಯ ಸಂತೆಗೆ ಅತ್ತೆ ಸೊಸೆ ಕಾರಿನಲ್ಲಿ, ನಾನು ನಿಜವಾಗಿಯೂ ಬಸ್ಸಿನಲ್ಲಿ. ನಮಗೆ ಮಕ್ಕಳಾಗಲಿಲ್ಲ. ಆಗಿದ್ದರೆ ಕೂರಿಸಲು ಜಾಗ ಎಲ್ಲಿತ್ತು ಎಂದು ಅವಳೇ ನಗುತ್ತಿದ್ದಳು. ಆ ಒಂದು ನಗು ಮಾತ್ರ ನನಗೆ ಇಷ್ಟವಾಗುತ್ತಿರಲಿಲ್ಲ.

ನಮ್ಮ ಮನೆಯಿಂದ ಟಾರು ರಸ್ತೆಗೆ ಹೋಗಲು ಒಂದೇ ದಾರಿ. ಕಾಫಿ ಒಣಗಿಸುವ ಕಣದ ಪಕ್ಕದಿಂದ ಹೊರಟು, ಹಲಸಿನ ಮರದ ಹತ್ತಿರ ಎಡಕ್ಕೆ ತಿರುಗಿ, ಒಂದೇ ಸಮನೆ ಏರುತ್ತದೆ. ಹಲಸಿನ ಏರು ಎಂದೇ ಅದಕ್ಕೆ ಹೆಸರು. ಬೇಸಿಗೆಯಲ್ಲಿ ಕೆಂಪು ಧೂಳು. ಮಳೆ ಹಿಡಿಯಿತೆಂದರೆ ಜೇಡಿಮಣ್ಣು ಬೆಣ್ಣೆಯಾಗುತ್ತದೆ. ಅದರ ಮೇಲೆ ಸಿಲ್ವರ್ ಓಕಿನ ಎಲೆ ಉದುರಿ ಅಂಟಿಕೊಂಡರೆ, ನಿಂತು ಇಳಿಯಲು ಹೊರಟವನು ಕೂತೇ ಕೆಳಗೆ ತಲುಪುತ್ತಾನೆ.

ನಮ್ಮ ಕಡೆ ಮಳೆಗಾಲದ ಗಾಡಿ ಎಂದರೆ ಜೀಪು. ಅದಕ್ಕೆ ನಾಲ್ಕೂ ಚಕ್ರಕ್ಕೆ ಬಲ. ಹೂತುಕೊಂಡರೆ ಎಲ್ಲರೂ ಇಳಿಯುತ್ತಾರೆ, ಹಗುರಾದ ಜೀಪು ಏರು ಹತ್ತುತ್ತದೆ, ಮೇಲೆ ಹೋಗಿ ಮತ್ತೆ ಎಲ್ಲರೂ ಹತ್ತಿಕೊಳ್ಳುತ್ತಾರೆ. ಇದು ಎಷ್ಟು ರೂಢಿಯೆಂದರೆ, ಚಕ್ರ ಒಂದು ಸುತ್ತು ಸುಮ್ಮನೆ ತಿರುಗಿದ ಸದ್ದು ಕೇಳಿದರೆ ಸಾಕು, ಮೂಲೆಯಲ್ಲಿ ಕೂತ ಮುದುಕಿಯೂ ಸೀರೆ ಎತ್ತಿ ಕಟ್ಟಿ ಇಳಿಯಲು ತಯಾರಾಗುತ್ತಾಳೆ. ಹೂತ ಗಾಡಿಯಲ್ಲಿ ಕೂತೇ ಇರುವವನನ್ನು ಇಲ್ಲಿ ಮರ್ಯಾದೆ ಇಲ್ಲದವನು ಎನ್ನುತ್ತಾರೆ.

ಅವಳು ಬಂದ ಮೊದಲ ಮಳೆಗಾಲದಲ್ಲಿ ಕಾರು ಷೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗುತ್ತದೆ ಎಂದೇ ಎಲ್ಲರ ಲೆಕ್ಕ. ಒಂದು ಬೆಳಿಗ್ಗೆ ಅವಳು ಕಾರು ಹೊರಗೆ ತೆಗೆದಳು. ಅವಳಣ್ಣ ಯಾವುದೋ ಜೀಪು ರಿಪೇರಿಗೆಂದು ಎಸ್ಟೇಟಿಗೆ ಬಂದವನು ಏರಿನ ಕೆಳಗೆ ನಿಂತಿದ್ದ.

"ಎಂತಕ್ಕೆ ಹಟ ನಿಂಗೆ? ಚೈನು ಇದೆ, ಕಟ್ಟು. ನಾನು ಎಳೀತೀನಿ" ಎಂದ.

"ಎಳ್ಕೊಂಡು ಹೋಗೋಕೆ ಇದೇನು ಹೆಣನಾ?" ಎಂದಳು ಅವಳು.

ನಾನು ಆಗ ಬೇರೆ ಗಾಬರಿಯಲ್ಲಿದ್ದೆ. ಡಿಕ್ಕಿಯಲ್ಲಿ ಎರಡು ದೊಡ್ಡ ಮೂಟೆ ಕಾಣಿಸುತ್ತಿದ್ದವು, ಎಸ್ಟೇಟಿನ ಪಾರ್ಚ್‌ಮೆಂಟ್ ಚೀಲಗಳು. ತೊಳೆದು ಒಣಗಿಸಿದ, ಮೇಲಿನ ತೆಳು ಹೊಟ್ಟು ಇನ್ನೂ ಬಿಡಿಸದ ಕಾಫಿ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತೇವೆ. ಅದು ರೈಟರ್ ಹೆಂಡತಿಯ ಕಾರಿನಲ್ಲಿ ಕಂಡರೆ ರೈಟರ್ ಗತಿ ಮುಗಿಯಿತು.

"ಏಯ್, ಅದೆಲ್ಲಿಂದ ತಂದೆ?"

"ಚೀಲ ಮಾತ್ರ ನಿಮ್ಮ ಸಾಹುಕಾರರದ್ದು ರೀ, ಅದೂ ಹರಿದದ್ದು. ಒಳಗಿರೋದು ಹಳ್ಳದ ಮರಳು."

"ಈ ಏರಲ್ಲಿ ಖಾಲಿ ಗಾಡಿನೇ ಹತ್ತಲ್ಲ, ನೀನು ಮರಳು ತುಂಬಿದೀಯ!" ಎಂದು ಅವಳಣ್ಣ ಜೋರಾಗಿ ನಕ್ಕ. ನೋಡಲು ನಿಂತ ಆಳುಗಳೂ ನಕ್ಕರು.

ಅವಳು ನನ್ನ ಕಡೆ ತಿರುಗಿ ಹೇಳಿದಳು: "ನಿಮ್ಮ ಜೀಪಲ್ಲಿ ನಾಲ್ಕು ಜನ ಗಾಡಿ ತಳ್ತಾರೆ ಅಂತ ಇಟ್ಕೊಳಿ. ಇದ್ರಲ್ಲಿ ತಳ್ಳೋರು ಇಬ್ರೇ, ಇಬ್ರೂ ಹಿಂದೆ. ಅವ್ರ ಕಾಲು ಜಾರಬಾರ್ದು ಅಂದ್ರೆ ಅವ್ರ ಹೆಗಲ ಮೇಲೆ ಭಾರ ಇಡ್ಬೇಕು. ಅಪ್ಪ ಹೇಳಿದ್ದು ಇಷ್ಟೆ."

ಮತ್ತೆ ಹತ್ತಿ ಕೂತಳು. ನಾನು ದೊಡ್ಡ ಸದ್ದು ನಿರೀಕ್ಷಿಸಿದ್ದೆ. ಸದ್ದೇ ಬರಲಿಲ್ಲ. ಎರಡನೇ ಗೇರಿನಲ್ಲಿ, ಮಲಗಿದ ಮಗುವಿನ ಪಕ್ಕ ನಡೆದು ಹೋಗುವವಳ ಹಾಗೆ ಹೊರಟಳು. ಹಲಸಿನ ಮರದ ತಿರುವಿನಲ್ಲಿ ಕಾರಿನ ಹಿಂಭಾಗ ಸರ್ರನೆ ಬಲಕ್ಕೆ ಜಾರಿತು. ಅವಳಣ್ಣ ಹಾರಿ ಕಾಫಿ ಗಿಡದೊಳಗೆ ಬಿದ್ದ. ಅವಳು ಬ್ರೇಕು ಹಾಕಲಿಲ್ಲ, ಸ್ಟಿಯರಿಂಗನ್ನು ಅದು ಜಾರಿದ ಕಡೆಗೇ ತಿರುಗಿಸಿದಳು. ಕಾರು ಒಮ್ಮೆ ಸೊಂಟ ಆಡಿಸಿ ನೆಟ್ಟಗಾಗಿ ಏರಿಕೊಂಡು ಹೋಯಿತು. ಮೇಲಿನಿಂದ ಹಾರನ್ ಕೇಳಿಸಿತು.

"ಪುಣ್ಯ. ಇವತ್ತು ಮಳೆ ಕಮ್ಮಿ ಇತ್ತು" ಎಂದ ಅವಳಣ್ಣ, ಬಟ್ಟೆ ಕೊಡವಿಕೊಳ್ಳುತ್ತ.

ಅವಳು ಮೇಲಿನಿಂದಲೇ ಕೂಗಿದಳು. "ನಾಳೆ ಜಾಸ್ತಿ ಬರುತ್ತಂತೆ. ನಾಳೆನೂ ಬಾ!"

ಅಷ್ಟು ಮಳೆಗಾಲಗಳಲ್ಲಿ ಆ ಕಾರನ್ನು ಒಮ್ಮೆಯೂ ಯಾರೂ ಎಳೆಯಲಿಲ್ಲ. ಅವಳ ಜಂಬವೆಂದರೆ ಅದೊಂದೇ. ಚಿನ್ನ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. "ನನ್ನ ಗಾಡಿಗೆ ಚೈನು ಬಿದ್ದಿಲ್ಲ" ಎನ್ನುವಾಗ ಮಾತ್ರ ಅವಳ ಮೂಗು ಅರಳುತ್ತಿತ್ತು.

ಮಳೆಗಾಲದಲ್ಲಿ ಕಣ ಖಾಲಿ. ಸಿಮೆಂಟಿನ ಮೇಲೆ ಪಾಚಿ ಹಬ್ಬಿ ಹಸಿರು ಗಾಜಿನ ಹಾಗಿರುತ್ತದೆ. ಅಲ್ಲಿ ಅವಳು ನನಗೆ ಕಾರು ಕಲಿಸಿದಳು.

"ಬಾಲ ಯಾವ ಕಡೆ ಹೋಗುತ್ತೋ ಆ ಕಡೆಗೇ ಸ್ಟಿಯರಿಂಗ್. ಬ್ರೇಕ್ ಮರ್ತುಬಿಡಿ. ಹೆದರಿ ಕಾಲನ್ನ ಒಮ್ಮೆಗೇ ಎತ್ಬೇಡಿ. ಹೆದರಿದ್ರೆ ಗಾಡಿ ತಿರುಗಿ ನಿಮ್ಮ ಮುಖನೇ ನೋಡುತ್ತೆ."

ನಾನು ಹೆದರಿದೆ. ಕಾರು ತಿರುಗಿತು, ಮತ್ತೂ ತಿರುಗಿತು. ಜಗಲಿಯಿಂದ ಅಮ್ಮ, "ಎಂತದೋ ಅದು, ಕಾರಲ್ಲಿ ಹಿಟ್ಟು ಬೀಸ್ತಿದೀಯ?" ಎಂದು ಕೂಗಿದಳು. ಇವಳು ಪಕ್ಕದ ಸೀಟಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹಾಗೇ ಎಷ್ಟೋ ಮಧ್ಯಾಹ್ನ. ಕೊನೆಗೆ ಜಾರುವ ಕಾರನ್ನು ನೆಟ್ಟಗೆ ಮಾಡುವುದು ನನ್ನ ಕೈಗೂ ಬಂತು. ಆದರೆ ಏರು ಹತ್ತಿಸಲು ಅವಳು ನನಗೆ ಬಿಡಲಿಲ್ಲ. ನಾನೂ ಕೇಳಲಿಲ್ಲ. ಅದು ಅವಳ ಜಾಗ.

ಫೋನಿನಲ್ಲಿ ವಿಡಿಯೋ ನೋಡುವ ಕಾಲ ಬಂದಾಗ ಅವಳಿಗೆ ಒಂದು ಹೊಸ ಹುಚ್ಚು ಹತ್ತಿತು. ಚಳಿಗಾಲದಲ್ಲಿ ಹಿಮ ಬೀಳುವ ದೇಶಗಳಲ್ಲಿ ಇಂಥದ್ದೇ ಕಾರು ಓಡಿಸುವವರ ವಿಡಿಯೋ. ಅವರ ಭಾಷೆ ಅವಳಿಗೆ ಅರ್ಥವಾಗುತ್ತಿರಲಿಲ್ಲ, ಕೈ ಕಾಲು ನೋಡಿದರೆ ಸಾಕಿತ್ತು. ಒಂದು ಸಂಜೆ ಅಡುಗೆಮನೆಯಿಂದ ಫೋನು ಹಿಡಿದುಕೊಂಡು ಓಡಿ ಬಂದಳು.

"ನೋಡಿ ರೀ, ನೋಡಿ! ಇವ್ನೂ ಡಿಕ್ಕಿಗೆ ಮರಳು ಮೂಟೆ ಹಾಕ್ತಿದಾನೆ! ಅಪ್ಪನ್ನ ಇವ್ನು ಯಾವಾಗ ನೋಡಿದ್ದ?"

ಪರದೆಯಲ್ಲಿ ಒಬ್ಬ ಗಡ್ಡದವನು ಬಿಳಿ ರಸ್ತೆಯಲ್ಲಿ ನಿಂತು ಮೂಟೆ ಎತ್ತಿಡುತ್ತಿದ್ದ. ಆಮೇಲೆ ಅವನ ಕಾರು ಹಲಸಿನ ಏರಿನಂಥದ್ದೇ ಒಂದು ಬಿಳಿ ಏರನ್ನು ಮೆಲ್ಲಗೆ ಹತ್ತಿತು.

"ಹಿಮ ಅಂದ್ರೆ ಬಿಳಿ ಕೆಸರು, ಅಷ್ಟೆ. ಒಂದ್ಸಲ ಅದ್ರಲ್ಲಿ ಓಡಿಸ್ಬೇಕು" ಎಂದಳು. ನನ್ನ ಕೆಲಸ ಮುಗಿದ ಮೇಲೆ ಉತ್ತರದ ಕಡೆ ಹೋಗೋಣ ಎಂದೆ. ಅವಳಣ್ಣನಿಗೆ ಇದನ್ನು ಹೇಳಿದಾಗ, "ಹಿಮ ನೋಡ್ಬೇಕಾದ್ರೆ ಫ್ರಿಜ್ಜಿನ ಬಾಗಿಲು ತೆಗಿ ಮಾರಾಯ್ತಿ" ಎಂದ. ಅವಳಿಗೂ ನಗು ಬಂತು. ಕೆಲಸ ಮುಗಿದ ಮೇಲೆ ಎಂದು ಜನ ಯಾಕೆ ಹೇಳುತ್ತಾರೋ. ನನ್ನ ಕೆಲಸ ಇನ್ನೂ ಮುಗಿದಿಲ್ಲ.

ಕಾಯಿಲೆಯ ವಿಷಯ ಹೆಚ್ಚು ಬರೆಯುವುದಿಲ್ಲ. ಹೊಟ್ಟೆಯಲ್ಲಿ ಗಡ್ಡೆ. ಮಂಗಳೂರಿಗೆ ಹೋದೆವು, ಬಂದೆವು, ಮತ್ತೆ ಹೋದೆವು. ಕೊನೆಗೆ ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಅವಳು ಕಿಟಕಿಯ ಹತ್ತಿರ ಮಂಚ ಹಾಕಿಸಿಕೊಂಡಳು. ಅಲ್ಲಿಂದ ಷೆಡ್ಡಿನ ಬಾಗಿಲು ಕಾಣುತ್ತಿತ್ತು. ಎರಡು ದಿನಕ್ಕೊಮ್ಮೆ ನಾನು ಹೋಗಿ ಕಾರು ಸ್ಟಾರ್ಟ್ ಮಾಡಬೇಕು, ಅವಳು ಮಲಗಿಕೊಂಡೇ ಸದ್ದು ಕೇಳಬೇಕು. "ಇವತ್ತು ಕೆಮ್ತಿದೆ" ಎನ್ನುತ್ತಿದ್ದಳು, ಅಥವಾ "ಇವತ್ತು ಪರ್ವಾಗಿಲ್ಲ". ನೋಡಲು ಬಂದವರು ಅವಳ ವಿಷಯದಲ್ಲಿ ನನಗೆ ಹೇಳುತ್ತಿದ್ದುದೂ ಅದೇ ಎರಡು ಮಾತು.

ಆಷಾಢದಲ್ಲಿ ಒಂದು ಮಧ್ಯಾಹ್ನ ಅವಳಿಗೆ ಉಸಿರು ಕಟ್ಟತೊಡಗಿತು. ಅವಳಣ್ಣನೂ ಅವನ ಹೆಂಡತಿಯೂ ಅಂದು ನಮ್ಮ ಮನೆಯಲ್ಲೇ ಇದ್ದರು. ಅವಳನ್ನು ಜೀಪಿನಲ್ಲಿ ಕೂರಿಸುವ ಹಾಗಿರಲಿಲ್ಲ, ಮಲಗಿಸಿಯೇ ಕರೆದೊಯ್ಯಬೇಕಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದೆವು. ಬಂತು. ಬಯಲುಸೀಮೆಯ ಕಡೆಯ ಡ್ರೈವರ್. ಇಳಿಯುವಾಗ ಗಾಡಿ ಜಾರಿಕೊಂಡೇ ಬಂದದ್ದನ್ನು ಕಂಡು ಅವನ ಮುಖ ಬಿಳುಚಿಕೊಂಡಿತ್ತು. ಅವಳನ್ನು ಎತ್ತಿ ಒಳಗೆ ಮಲಗಿಸಿದೆವು. ನಾನು, ಅವಳಣ್ಣ, ಅವನ ಹೆಂಡತಿ, ಗಾಡಿಯ ನರ್ಸು, ನಾಲ್ವರೂ ಹಿಂದೆ ಅವಳ ಪಕ್ಕ ಕೂತೆವು.

ಹಲಸಿನ ತಿರುವಿನಲ್ಲಿ ಡ್ರೈವರ್ ಹೆದರಿ ಬ್ರೇಕು ಹಾಕಿದ. ಗಾಡಿ ನಿಂತಿತು. ಮತ್ತೆ ಹೊರಡಿಸಿದಾಗ ಹಿಂದಿನ ಚಕ್ರಗಳು ಸುಮ್ಮನೆ ತಿರುಗಿದವು.

ಆ ಸದ್ದು ಕೇಳಿದ್ದೇ ತಡ, ಅವಳಣ್ಣ ಬಾಗಿಲು ತೆಗೆದು ಹಾರಿದ. "ಇಳೀರಿ, ಎಲ್ಲಾ ಇಳೀರಿ! ಭಾರ ಕಮ್ಮಿಯಾಗ್ಲಿ!"

ಅವನ ಹೆಂಡತಿ ಇಳಿದಳು, ನರ್ಸು ಇಳಿದಳು. ಪಕ್ಕದ ತೋಟದಲ್ಲಿದ್ದ ಆಳುಗಳು ಓಡಿ ಬಂದು ಹಿಂದಿನಿಂದ ತಳ್ಳಿದರು. ಚಕ್ರ ಅವರ ಮುಖಕ್ಕೆ ಕೆಸರು ಎರಚುತ್ತ ಇನ್ನೂ ಆಳಕ್ಕೆ ಕೊರೆಯಿತು. ತೆರೆದ ಬಾಗಿಲಿನಿಂದ ಮಳೆ ಒಳಗೆ ಬಡಿಯುತ್ತಿತ್ತು. ಅವಳ ಹೊದಿಕೆ ಕಾಲಿನ ಕಡೆ ಪೂರಾ ನೆನೆಯಿತು.

ಆಗ ಅವಳು ಕಣ್ಣು ಬಿಟ್ಟಳು. ಮೂಗಿಗೆ ಹಾಕಿದ್ದ ಮಾಸ್ಕನ್ನು ಕೈಯಿಂದ ಸರಿಸಿದಳು.

"ಇಳೀಬೇಡಿ" ಎಂದಳು. "ಹಿಂದೆ ಹತ್ತಿ. ಎಲ್ರೂ ಹಿಂದೆ ಹತ್ತಿ."

ಅವಳ ಅತ್ತಿಗೆ ಹೊರಗೆ ನಿಂತು, "ಅಯ್ಯೋ, ಏನೇನೋ ಮಾತಾಡ್ತಿದಾಳಲ್ಲ" ಎಂದು ಅಳಲು ಶುರು ಮಾಡಿದಳು.

ನಾನು ಕೂಗಿದೆ. ಅವಳಣ್ಣನನ್ನು ನಾನು ಭಾವ ಎನ್ನುತ್ತೇನೆ, ಅವನೂ ನನ್ನನ್ನು ಭಾವ ಎಂದೇ ಕರೆಯುವುದು. "ಭಾವ, ಇದಕ್ಕೂ ಹಿಂದಿನ ಚಕ್ರಕ್ಕೇ ಬಲ. ತಳ್ಳೋದು ಬಿಟ್ಟು ಎಲ್ರನ್ನೂ ಹಿಂದೆ ಹತ್ತಿಸಿ. ಅವ್ಳು ಅದನ್ನೇ ಹೇಳ್ತಿರೋದು."

"ಭಾವ, ಇದು ಅವ್ಳ ಆಟದ ಕಾರಲ್ಲ, ಆಂಬುಲೆನ್ಸು. ನಂಗೆ ಗಾಡಿ ವಿಷಯ ಹೇಳ್ಬೇಡಿ. ನೀವೂ ಇಳೀರಿ ಮೊದ್ಲು!"

ನಾನು ಇನ್ನೊಮ್ಮೆ ಹೇಳಿದೆ. ಅವನು ಬೆನ್ನು ತಿರುಗಿಸಿ ಟ್ರ್ಯಾಕ್ಟರ್ ತರಲು ಜನ ಅಟ್ಟುತ್ತಿದ್ದ. ನಾನು ಇಳಿಯಲಿಲ್ಲ. ಅವಳ ಕೈ ಹಿಡಿದು ಹಿಂದಿನ ಬಾಗಿಲಿಗೆ ಆದಷ್ಟು ಹತ್ತಿರ ಕೂತೆ. ಒಬ್ಬನ ಭಾರ ಸಾಲಲಿಲ್ಲ.

ಟ್ರ್ಯಾಕ್ಟರು ಎಸ್ಟೇಟಿನ ಇನ್ನೊಂದು ತುದಿಗೆ ಹೋಗಿತ್ತು. ಅದು ಬರುವವರೆಗೆ ಅಷ್ಟೂ ಜನ ಮಳೆಯಲ್ಲಿ ನಿಂತು ಗಾಡಿಯನ್ನು ನೋಡುತ್ತಿದ್ದರು. ಹತ್ತಿ ಕೂರಬಹುದಾದ ಜನ. ಮರ್ಯಾದೆಯಿಂದ ಹೊರಗೆ ನಿಂತಿದ್ದರು. ಅವಳು ಇನ್ನೂ ಎರಡು ಸಲ ತುಟಿ ಆಡಿಸಿದಳು, ಸದ್ದು ಬರಲಿಲ್ಲ. ಆಮೇಲೆ ಟ್ರ್ಯಾಕ್ಟರ್ ಬಂತು. ಚೈನು ಕಟ್ಟುವ ಸದ್ದು ಅವಳಿಗೆ ಕೇಳಿಸಿತು. ಬೇರೆ ಯಾವ ಸದ್ದು ಕೇಳಿಸದಿದ್ದರೂ ಆ ಸದ್ದು ಅವಳಿಗೆ ಕೇಳಿಸುತ್ತಿತ್ತು. ಗಾಡಿ ಜಗ್ಗಿ ಎದ್ದಾಗ ಅವಳು ಮುಖವನ್ನು ಗಾಡಿಯ ಪಕ್ಕದ ತಗಡಿನ ಕಡೆ ತಿರುಗಿಸಿ ಹೇಳಿದಳು: "ಎಳಿಸ್ಬಿಟ್ರಲ್ಲ."

ನನಗೆ ಅರ್ಥವಾದ ಅವಳ ಕೊನೆಯ ಮಾತು ಅದು. ಮರುದಿನ ಆಸ್ಪತ್ರೆಯಲ್ಲಿ ಹೋದಳು.

ಡಾಕ್ಟರು ಒಳ್ಳೆಯವರು. "ಸ್ವಲ್ಪ ಮುಂಚೆ ಬಂದಿದ್ರೂ ವ್ಯತ್ಯಾಸ ಆಗ್ತಿರ್ಲಿಲ್ಲ" ಎಂದರು. ಆ ಮಾತನ್ನು ನಂಬುತ್ತೇನೆ. ಅವಳು ಉಳಿಯುತ್ತಿದ್ದಳು ಎಂದು ನಾನು ಯಾವತ್ತೂ ಹೇಳಿಲ್ಲ. ಆದರೆ ವ್ಯತ್ಯಾಸ ಎಂದರೆ ಬದುಕುವುದು ಸಾಯುವುದು ಎರಡೇ ಎಂದು ಯಾರು ಹೇಳಿದರು? ಒದ್ದೆ ಹೊದಿಕೆಯಲ್ಲಿ ನಡುಗುತ್ತ, ಗೊತ್ತಿದ್ದದ್ದನ್ನು ಹೇಳಿ, ಯಾರೂ ಕಿವಿಗೆ ಹಾಕಿಕೊಳ್ಳದೆ, ಚೈನಿನಲ್ಲಿ ಎಳೆಸಿಕೊಂಡು ಹೋಗುವುದಕ್ಕೂ, ನೆಟ್ಟಗೆ ಏರು ಹತ್ತಿ ಹೋಗುವುದಕ್ಕೂ ವ್ಯತ್ಯಾಸವಿಲ್ಲವೇ?

ತಿಥಿಯ ಊಟದ ದಿನ ಅವಳಣ್ಣ ಎಲೆಯ ಮುಂದೆ ಕೂತು ಪಕ್ಕದವರಿಗೆ ಆ ಮಧ್ಯಾಹ್ನದ ಕಥೆ ಹೇಳುತ್ತಿದ್ದ. ನಾನು ತುಪ್ಪ ಬಡಿಸಿಕೊಂಡು ಬರುತ್ತಿದ್ದೆ.

"ಆ ಡ್ರೈವರಿಗೆ ಏನೂ ಗೊತ್ತಿಲ್ಲ ಮಾರಾಯ್ರೆ. ನಾನಿದ್ದದ್ದಕ್ಕೆ ಆಯ್ತು, ಟ್ರ್ಯಾಕ್ಟರ್ ತರಿಸಿದೆ. ಇವಳಿಗೆ ಪಾಪ ಆಗಲೇ ಬುದ್ಧಿ ಸ್ಥಿಮಿತದಲ್ಲಿರ್ಲಿಲ್ಲ. ಗಾಡಿ ಹೂತಿರುವಾಗ ಇಳೀಬೇಡಿ, ಹತ್ತಿ ಅಂತಿದ್ಲು!"

"ಛೆ ಛೆ" ಎಂದರು ಪಕ್ಕದವರು. "ಅಷ್ಟು ಚುರುಕಿನ ಹೆಣ್ಣು."

ನಾನು ತುಪ್ಪ ಬಡಿಸಿ ಮುಂದೆ ಹೋದೆ. ಆ ಕಥೆ ಜಾವಳಿಯ ನೆಂಟರ ಮನೆಗೂ ಹೋಯಿತು, ಮೂಡಿಗೆರೆಯ ಬಸ್ ಸ್ಟ್ಯಾಂಡಿಗೂ ಹೋಯಿತು. ಸಿಕ್ಕವರೆಲ್ಲ, "ಕೊನೇಲಿ ಬುದ್ಧಿ ಹೋಗಿತ್ತಂತಲ್ಲ, ಪಾಪ" ಎಂದು ನನ್ನ ಬೆನ್ನು ಸವರಿದರು. ವರ್ಷವಿಡೀ ನನ್ನನ್ನು ತಿಂದದ್ದು ಸಾವಲ್ಲ, ಇದು. ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಆದರೆ ನಾನೊಬ್ಬ ರೈಟರ್. ಅವನು ಮೂಡಿಗೆರೆಯ ಮೆಕ್ಯಾನಿಕ್. ಅವನೆದುರು ನನ್ನ ಮಾತಿಗೆ ಎಲ್ಲಿ ತೂಕ? ಒಮ್ಮೊಮ್ಮೆ ನನಗೇ ಅನುಮಾನ ಬರುತ್ತಿತ್ತು. ನಿಜವಾಗಿಯೂ ಗಾಡಿ ಹತ್ತುತ್ತಿತ್ತೇ? ಅಥವಾ ಅವಳ ಬುದ್ಧಿ ಕೊನೆಯವರೆಗೂ ಸರಿಯಿತ್ತು ಎಂದು ನಂಬಿಕೊಳ್ಳಬೇಕೆಂಬ ಹಂಬಲ ನನ್ನದೇ?

ಈ ಮಳೆಗಾಲದ ಆರಂಭದಲ್ಲಿ ಎಸ್ಟೇಟಿನವರು ಹೊಸ ಯಂತ್ರ ಇಡಲು ಷೆಡ್ಡು ಖಾಲಿ ಮಾಡಿ ಎಂದರು. ಅವಳಣ್ಣ ಎರಡೇ ದಿನದಲ್ಲಿ ಗಿರಾಕಿ ಹುಡುಕಿದ. ಕಳಸದ ದಾರಿಯಲ್ಲಿ ಹೋಮ್‌ಸ್ಟೇ ನಡೆಸುವವರು. ಅವರು ಬಂದು ಕಾರನ್ನು ನೋಡಿ, ಹಿಂದೆ ಸರಿದು, ಎರಡೂ ಕೈಯ ಬೆರಳುಗಳಲ್ಲಿ ಚೌಕಟ್ಟು ಮಾಡಿ ನೋಡಿದರು.

"ಗೇಟಿನ ಹತ್ರ ಇಟ್ರೆ ಒಳ್ಳೇ ಫೋಟೋ ಪಾಯಿಂಟ್ ಆಗುತ್ತೆ. ಹಿಂದೆ ಹೂವಿನ ಕುಂಡ ಇಡ್ತೀನಿ. ಇಂಜಿನ್ ಹೇಗಿದ್ರೂ ನಡೆಯುತ್ತೆ ಸಾರ್, ನಂಗೆ ಬಾಡಿ ಸಾಕು."

ನಾನು ಒಪ್ಪಿದೆ. ಇನ್ನೇನು ಮಾಡಲಿ, ಮಳೆಯಲ್ಲಿ ನಿಲ್ಲಿಸಿ ತುಕ್ಕು ಹಿಡಿಸಲೇ? ಆದರೆ ಒಯ್ಯುವ ದಿನ ಬೆಳಿಗ್ಗೆ ಅವಳಣ್ಣ ಟ್ರ್ಯಾಕ್ಟರ್ ಜೊತೆಗೆ ಬಂದ. ಮಳೆ ಹಿಂದಿನ ದಿನದಿಂದ ಬಿಟ್ಟಿರಲಿಲ್ಲ. ಅವನ ಕೈಯಲ್ಲಿ ಚೈನಿತ್ತು.

"ಚೈನು ಬೇಡ" ಎಂದೆ. "ಮೇಲಿನವರೆಗೆ ನಾನು ಓಡಿಸ್ಕೊಂಡು ಬರ್ತೀನಿ."

"ಭಾವ, ಈ ಕೆಸರಲ್ಲಾ? ನಿಮಗೆ ಬರುತ್ತಾ?"

"ಅವ್ಳು ಕಲಿಸಿದಾಳೆ."

ಮರಳಿನ ಮೂಟೆ ನೋಡೋಣವೆಂದು ಡಿಕ್ಕಿ ತೆಗೆದೆ. ಗೋಣಿ ಕೊಳೆತು ಹೋಗಿತ್ತು. ಎತ್ತಿದ ಕೂಡಲೇ ಹರಿದು ಮರಳೆಲ್ಲ ಷೆಡ್ಡಿನ ನೆಲಕ್ಕೆ ಸುರಿಯಿತು. ಬೇರೆ ಚೀಲ ಹುಡುಕುತ್ತ ನಿಲ್ಲುವ ತಾಳ್ಮೆ ನನಗಿರಲಿಲ್ಲ, ಹಾಗೇ ಖಾಲಿ ಕಾರನ್ನು ಹೊರಗೆ ತೆಗೆದೆ.

ಎರಡನೇ ಗೇರು. ಸದ್ದಿಲ್ಲದೆ. ಕಣ ದಾಟಿದೆ. ಹಲಸಿನ ತಿರುವಿನಲ್ಲಿ ಬಾಲ ಜಾರಿತು, ಆ ಕಡೆಗೇ ಸ್ಟಿಯರಿಂಗ್ ಕೊಟ್ಟೆ, ನೆಟ್ಟಗಾಯಿತು. ಆದರೆ ಅಲ್ಲಿಂದ ಮುಂದೆ ಹೋಗಲಿಲ್ಲ. ಚಕ್ರ ಸುಮ್ಮನೆ ತಿರುಗಿತು. ಆಂಬುಲೆನ್ಸ್ ನಿಂತ ಜಾಗದಿಂದ ಮಾರು ದೂರವೂ ಇರಲಿಲ್ಲ.

ಅವಳಣ್ಣನೂ ಟ್ರ್ಯಾಕ್ಟರಿನವನೂ ಮತ್ತಿಬ್ಬರು ಆಳುಗಳೂ ಓಡಿ ಬಂದರು. "ಇರಿ ಭಾವ, ತಳ್ತೀವಿ" ಎಂದು ಅವನು ಹಿಂದೆ ಕೈ ಕೊಟ್ಟು ನಿಂತ.

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

"ತಳ್ಬೇಡಿ ಭಾವ. ಹಿಂದೆ ಹತ್ತಿ."

ಅವನು ಕೈ ತೆಗೆಯಲಿಲ್ಲ. ನನ್ನ ಮುಖವನ್ನೇ ನೋಡಿದ. ಮಳೆ ಅವನ ಹುಬ್ಬಿನಿಂದ ಇಳಿಯುತ್ತಿತ್ತು. ಅವನಿಗೆ ಎಲ್ಲ ನೆನಪಾಗಿತ್ತು ಎಂದು ನನಗೆ ಗೊತ್ತಾಯಿತು. ಬೇಡ ಎಂದು ಅವನು ಹೇಳಬಹುದಿತ್ತು, ಚೈನು ತರಿಸಬಹುದಿತ್ತು. ನಾನು ಇನ್ನೊಮ್ಮೆ ಹೇಳಲಿಲ್ಲ, ಕಾದೆ. ಕೊನೆಗೆ ಅವನು ಡಿಕ್ಕಿಯ ಮುಚ್ಚಳದ ಮೇಲೆ ಮೊಣಕಾಲಿಟ್ಟು ಹತ್ತಿ ಕೂತ. ಅವನನ್ನು ನೋಡಿ ಉಳಿದ ಮೂವರೂ ಹತ್ತಿದರು. ಕಾರಿನ ಹಿಂಭಾಗ ಕುಸಿದದ್ದು ನನ್ನ ಸೀಟಿಗೆ ಗೊತ್ತಾಯಿತು.

ಮೆಲ್ಲಗೆ ಕಾಲು ಒತ್ತಿದೆ. ಚಕ್ರ ಒಮ್ಮೆ ಜಾರಿತು, ಕಚ್ಚಿತು. ಕಾರು ಹೊರಟಿತು. ಏನೂ ಆಗಿಲ್ಲವೆಂಬಂತೆ, ದಿನಾ ಹೋಗುವ ಹಾಗೆ ಏರಿಕೊಂಡು ಹೋಯಿತು. ಅದು ಅಷ್ಟು ಸುಲಭವಾಗಿತ್ತು. ಆ ಸುಲಭಕ್ಕೆ ನಾನು ತಯಾರಾಗಿರಲಿಲ್ಲ. ಸ್ವಲ್ಪ ಕಷ್ಟಪಟ್ಟಾದರೂ ಹತ್ತಬಾರದಿತ್ತೇ ಎನ್ನಿಸಿತು.

ಮೇಲೆ ಟಾರು ರಸ್ತೆಯಲ್ಲಿ ನಿಲ್ಲಿಸಿದೆ. ಹೋಮ್‌ಸ್ಟೇಯವರು ಕೊಡೆ ಹಿಡಿದು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು. "ಸೂಪರ್ ಸಾರ್! ಬೇಕಾದ್ರೆ ಇಂಜಿನ್ ನೀವೇ ಬಿಚ್ಚಿ ಇಟ್ಕೊಳಿ" ಎಂದರು. ಆಳುಗಳು ಇಳಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಒಬ್ಬ ಅಂದು ಆಂಬುಲೆನ್ಸ್ ತಳ್ಳಿದವನು.

ಅವಳಣ್ಣ ಎಲ್ಲರಿಗಿಂತ ಕೊನೆಗೆ ಇಳಿದ. ರಸ್ತೆ ಬದಿಯ ಕಲ್ಲಿನ ಮೇಲೆ, ಒದ್ದೆಯ ಮೇಲೆಯೇ ಕೂತ. ನಾನು ಹತ್ತಿರ ಹೋದೆ. ಹಿಂದಿನ ಚಕ್ರಕ್ಕೆ ಅಂಟಿದ ಕೆಸರನ್ನು ನೋಡುತ್ತ ಕೇಳಿದ.

"ಅವತ್ತೂ ಹತ್ತುತ್ತಿತ್ತಾ ಭಾವ?"

ಆ ವರ್ಷವಿಡೀ ಜನ ನನಗೆ ಹೇಳಿದ ಮಾತುಗಳೆಲ್ಲ ನನ್ನ ಬಾಯಲ್ಲಿ ತಯಾರಿದ್ದವು. ಏನೂ ವ್ಯತ್ಯಾಸ ಆಗ್ತಿರ್ಲಿಲ್ಲ, ಎಲ್ಲ ಹಣೆಬರಹ, ನೀವು ಒಳ್ಳೇದಕ್ಕೇ ಮಾಡಿದ್ದು. ಯಾವುದನ್ನು ಕೊಟ್ಟರೂ ಅವನು ಇಸಿದುಕೊಳ್ಳುತ್ತಿದ್ದ.

"ಹತ್ತುತ್ತಿತ್ತು" ಎಂದೆ.

ಅವನು ತಲೆ ಆಡಿಸಿದ. ಆಮೇಲೆ ಎದ್ದು, ಯಾರ ಕಡೆಯೂ ನೋಡದೆ, ಮೂಡಿಗೆರೆಯ ಬಸ್ಸಿಗೆ ಕಾಯಲು ನಡೆದುಕೊಂಡು ಹೋದ. ಅವನ ಚೈನು ಏರಿನ ಕೆಳಗೇ ಉಳಿಯಿತು. ಅದನ್ನು ಕೇಳಲು ಈವರೆಗೆ ಬಂದಿಲ್ಲ. ಅವಳ ಬುದ್ಧಿ ಹೋಗಿತ್ತು ಎಂಬ ಕಥೆಯನ್ನು ಈಗ ಹೇಳುತ್ತಿಲ್ಲವಂತೆ. ಅದು ಸುಳ್ಳು ಎಂದೂ ಹೇಳುತ್ತಿಲ್ಲ.

ನಾನು ಹೋಮ್‌ಸ್ಟೇಯವರ ಕೈಗೆ ಕೀ ಕೊಟ್ಟೆ. ಕೊಡಬಾರದಿತ್ತು ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಬೇಕಿದ್ದದ್ದು ಸಿಕ್ಕಿತ್ತು, ಮತ್ತು ಅದು ಸಿಕ್ಕಿದ್ದರಿಂದ ಏನೂ ಹಗುರಾಗಲಿಲ್ಲ.

ಕಳಸದ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಾರು ಕಾಣಿಸುತ್ತದೆ. ಹುಡುಗಿಯರು ಅದಕ್ಕೆ ಒರಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ಡಿಕ್ಕಿಯ ಮುಚ್ಚಳ ತೆಗೆದು ಒಳಗೆ ಸಿಮೆಂಟಿನ ಕುಂಡಗಳನ್ನು ಸಾಲಾಗಿ ಇಟ್ಟಿದ್ದಾರೆ, ಮಣ್ಣು ತುಂಬಿ, ನೀರು ಕುಡಿದು ತೂಗುವ ದೊಡ್ಡ ಕುಂಡಗಳು. ಹಿಂದಿನ ಚಕ್ರದ ಮೇಲೆ ಈಗ ಬೇಕಾದಷ್ಟು ಭಾರವಿದೆ. ಕಾರು ನಿಂತಿರುವುದು ಸಮತಟ್ಟು ನೆಲದಲ್ಲಿ.